ಹಿಂದಿನ ಕೋಣೆಗೆ ಕಲಸಿದ ಮಣ್ಣು

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಜಂತಿಗೂ ಗೋಡೆಗೂ ನಡುವೆ ಕೈ ತೂರಿಸಿದರೆ ಬೆರಳಿಗೆ ಹೊರಗಿನ ಗಾಳಿ ತಾಗುತ್ತದೆ. ಇಂಥ ಮನೆಯ ಯಜಮಾನ ಮಣ್ಣಿನ ಮಾಳಿಗೆ ರಿಪೇರಿಯಲ್ಲಿ ಬೇವೂರಿಗೇ ಹೆಸರಾದ ಮನುಷ್ಯ ಎಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಕಟ್ಟಿದವರು ಊರೆಲ್ಲ ಮುತ್ತಣ್ಣ ಎಂದು ಕರೆಯುವ ನನ್ನ ಗಂಡನನ್ನು ನೋಡಿಯೇ ಕಟ್ಟಿರಬೇಕು.

ಬೇರೆ ವರ್ಷವಾಗಿದ್ದರೆ ಹಲ್ಲು ಕಚ್ಚಿ ಚಳಿಗಾಲ ಕಳೆಯುತ್ತಿದ್ದೆ. ಈ ಸಲ ಮಗಳು ಅನುರಾಧಾ ಚೊಚ್ಚಲ ಬಾಣಂತಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಬಾಗಲಕೋಟೆಯ ದವಾಖಾನೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಕೂಸು. ಅಲ್ಲಿಂದ ನೇರ ನಮ್ಮೂರಿಗೆ ಕರೆತರಬೇಕು ಅನ್ನುವಷ್ಟರಲ್ಲಿ ಬೀಗತಿ ಚಂದವ್ವ ಅಡ್ಡ ಬಂದಳು.

"ನಿಮ್ಮ ಹಿಂದಿನ ಕೋಣ್ಯಾಗ ಗಾಳಿ ಭಾಳ ಬರ್ತೈತ್ರಿ. ಬಸರಿ ಕುಬಸಕ್ಕ ಬಂದಾಗ ನೋಡೇನಿ. ಮದಲ ಕೋಣಿ ಬೆಚ್ಚಗ ಮಾಡ್ರಿ, ಆಮ್ಯಾಲ ನಾನಾ ತಂದು ಬಿಡ್ತೇನಿ" ಅಂದವಳೇ ತಾಯಿ-ಮಗುವನ್ನು ತನ್ನೂರು ಕೆರೂರಿಗೆ ಕರೆದೊಯ್ದಳು. ನಾನು ಏನೆಂದು ಜಗಳ ತೆಗೆಯಲಿ? ಗಾಳಿ ಬರುವುದು ಖರೆ.

ನನ್ನ ಪಾಲಿನ ಕೆಲಸವನ್ನೆಲ್ಲ ಮಾಡಿ ಮುಗಿಸಿದೆ. ಉರಿಸಲು ಸಗಣಿ ಕುಳ್ಳು ಒಟ್ಟಿದೆ, ಬಚ್ಚಲ ಒಲೆ ಮೆತ್ತಿದೆ, ಹೊರಸಿನ ಹಗ್ಗ ಬಿಗಿದೆ, ಕಂಬಳಿ ಬಿಸಿಲಿಗೆ ಹಾಕಿ ತೆಗೆದೆ, ಕೆಂಡದ ಮೇಲೆ ಹಾಕಿ ಬಾಣಂತಿಗೆ ಕಾಸಲಿಕ್ಕೆ ಅಜವಾನ ತಂದಿಟ್ಟೆ. ಉಳಿದದ್ದು ಜಂತಿಯ ಸಂದಿ ಮತ್ತು ಮಾಳಿಗೆಯ ಬಿರುಕು. ಏಣಿ ಹತ್ತಿದರೆ ನನಗೆ ತಲೆ ತಿರುಗುತ್ತದೆ.

"ಏನ್ರಿ, ಕೋಣಿ ಯಾವಾಗ ಹಿಡಿತೀರಿ?"

"ನಾಳಿ ಹಿಡಿತೇನಿ. ಇವತ್ತ ಬಾಜೂ ಮನಿ ಹುಸೇನಬಿ ಮಾಳಿಗಿ ಮುಗಿಸಿ ಬರ್ತೇನಿ. ಪಾಪ, ಒಬ್ಬಾಕಿ ಇರ್ತಾಳ."

ಮರುದಿನ ನಮ್ಮ ಓಣಿಯ ಬಂದೇನವಾಜನ ದನದ ಕೊಟ್ಟಿಗೆ. ಕೇಳಿದರೆ, "ಎಮ್ಮಿಗೆ ಥಂಡಿ ಹತ್ತೂದಿಲ್ಲೇನು?" ಅಂದರು. ಎಮ್ಮೆಗೆ ಹತ್ತುತ್ತದೆಯಂತೆ, ನನ್ನ ಮೊಮ್ಮಗಳಿಗೆ ಮಾತ್ರ ಹತ್ತುವುದಿಲ್ಲ.

ಕಡೆಗೆ ನಾನೇ ಕೆರೆಯಂಗಳದಿಂದ ಮಣ್ಣು ಹೊತ್ತು ತಂದೆ. ಹೊಟ್ಟು ಬೆರೆಸಿ, ನೀರು ಬಿಟ್ಟು, ಬಾಗಿಲೊಳಗಿನ ಅಂಗಳದ ತಗ್ಗಿನಲ್ಲಿ ದಿನಾ ತುಳಿದೆ. ಮೊಳಕಾಲು ಪದ ಹೇಳತೊಡಗಿದವು, ಆದರೂ ಬಿಡಲಿಲ್ಲ. ಮಣ್ಣು ಕೈಗೆ ಅಂಟದೆ ಮುದ್ದೆಯಾಗುವ ಹದಕ್ಕೆ ಬಂತು.

"ನಾಳಿ ಕೈ ಹಚ್ಚಲಿಲ್ಲಂದ್ರ ಈ ಮನ್ಯಾಗ ನಿಮಗ ರೊಟ್ಟಿ ಸಿಗೂದಿಲ್ಲ ನೋಡ್ರಿ" ಅಂದೆ.

"ನಿನ್ನ ರೊಟ್ಟಿ ಆಣಿ, ನಾಳಿ ಖರೆ" ಎಂದು ನಕ್ಕರು.

ಮರುದಿನ ಹತ್ತಿ ಬಿಡಿಸಲು ಹೋಗಿ ಬಂದು ನೋಡಿದರೆ ತಗ್ಗು ಬರಿದಾಗಿತ್ತು. ಅಂತೂ ಬುದ್ಧಿ ಬಂತಲ್ಲ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಕೈಕಾಲು ಕೂಡ ತೊಳೆಯದೆ ಹಿಂದಿನ ಕೋಣೆಗೆ ಓಡಿದೆ. ಸಂದಿಗೆ ಕೈ ಹಾಕಿದೆ. ಬೆರಳಿಗೆ ಗಾಳಿ ತಾಗಿತು.

ಗೋಡೆಯಾಚೆಯಿಂದ ಹುಸೇನಬಿ ಹೇಳಿದಳು: "ಮುತ್ತಣ್ಣ ಟಂಟಂ ಗಾಡಿ ತರಿಸಿ ಮಣ್ಣ ಹೇರಕೊಂಡು ಹೋದ್ನಲ್ಲ. ಕೆರೂರಿಂದ ಫೋನ್ ಬಂದಿತ್ತಂತ."

ನಾನು ತುಳಿದ ಮಣ್ಣು. ಬೀಗರ ಮನೆಗೆ. ಎಷ್ಟು ಸಲ ಫೋನ್ ಹಚ್ಚಿದರೂ ಪುಣ್ಯಾತ್ಮ ಎತ್ತಲಿಲ್ಲ. ಬೈಗುಳಗಳನ್ನೆಲ್ಲ ಒಂದೊಂದಾಗಿ ಜೋಡಿಸಿಟ್ಟುಕೊಂಡು ಕಾಯುತ್ತ ಕುಳಿತೆ.

ಮರುದಿನ ಬೆಳಿಗ್ಗೆ ಬಂದರು. ಮೊಳಕೈತನಕ ಮಣ್ಣು ಒಣಗಿ ಹತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

"ಕೂಸಿಗೆ ಥಂಡಿ ಹತ್ತಿತ್ತು. ಅನು ಫೋನಿನ್ಯಾಗ ಅತ್ಲು. ಅವರ ಮನಿ ಜಂತಿನೂ ಬಾಯಿ ಬಿಟ್ಟಿದ್ವು. ಹೊಸಾ ಮಣ್ಣ ನೆನಿಯೂತನಕ ಕೂಸು ತಡೀತೈತೇನು?"

ಜೋಡಿಸಿಟ್ಟ ಬೈಗುಳಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. "ಈಗ ಹೆಂಗೈತಿ?" ಎಂದು ಕೇಳಿದೆ.

"ನಿನ್ನೆ ರಾತ್ರಿ ಚಂದ ಮಲಗೇತಿ."

ಸಮಾಧಾನವೂ ಆಯಿತು, ಮೈಯೆಲ್ಲ ಉರಿಯಿತು. ಬೈಯಲಿಕ್ಕೂ ದಾರಿ ಇಡಲಿಲ್ಲವಲ್ಲ ಈ ಮನುಷ್ಯ.

ಅಷ್ಟರಲ್ಲಿ ಚಂದವ್ವನ ಫೋನು ಬಂತು. "ಬೀಗರ ಕೈಗುಣ ಅಂದ್ರ ಕೈಗುಣರಿ. ಕೋಣಿ ಎಷ್ಟ ಬೆಚ್ಚಗಾಗೇತಂತೀರಿ. ಇನ್ನ ಆ ಕೂಸಿನ್ನ ಥಂಡ್ಯಾಗ ಯಾಕ ತಿರುಗಾಡಸೂದು? ಇಲ್ಲೇ ಇರಲಿ. ಸಂಕ್ರಮಣ ಮುಗದ ಮ್ಯಾಲ ತಂದು ಬಿಡ್ತೇನಿ. ನಿಮಗೂ ಆರಾಮ ಆತು."

ಸಂಕ್ರಮಣ ಮುಗಿಯುವಷ್ಟರಲ್ಲಿ ಬಾಣಂತನವೇ ಮುಗಿದಿರುತ್ತದೆ. ಎಣ್ಣೆ ಹಚ್ಚಿ ಎರೆಯುವುದು, ಕಾಸುವುದು, ತೊಟ್ಟಿಲು ತೂಗುವುದು, ಎಲ್ಲ ಆ ಬೆಚ್ಚಗಿನ ಕೋಣೆಯಲ್ಲಿ, ಚಂದವ್ವನ ಕೈಯಲ್ಲಿ. ಬೆಚ್ಚಗಾದದ್ದು ನನ್ನ ಮಣ್ಣಿನಿಂದ, ನನ್ನ ಗಂಡನ ಕೈಯಿಂದ. ನಾನು "ಆಗಲಿ" ಅಂದು ಫೋನು ಇಟ್ಟೆ.

ಗಂಡನಿಗೆ ಎಲ್ಲ ಕೇಳಿಸಿತ್ತು. ಬುಟ್ಟಿ ಹಿಡಿದು ಹೋಗಿ ಹೊಸ ಮಣ್ಣು ತಂದು ಅಂಗಳದ ತಗ್ಗಿಗೆ ಸುರಿದರು. ನೀರು ಬಿಟ್ಟು ಧೋತರ ಮೇಲೆ ಕಟ್ಟಿ ತುಳಿಯತೊಡಗಿದರು. ನಾನು ಕಂಬಳಿ, ಅಜವಾನ ಎಲ್ಲ ಗಂಟು ಕಟ್ಟಿದೆ. ಬೀಗರ ಮನೆಯಲ್ಲಿ ನಾನು ಠಿಕಾಣಿ ಹೂಡಲಾರೆ. ಒಂದು ಸಲ ಎರೆದು, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಸಂಜೆ ಬಸ್ಸಿಗೆ ತಿರುಗಿ ಬರುತ್ತೇನೆ.

"ನಾನೂ ಬರಲೇನು?" ಅಂದರು.

"ನೀವು ಮಣ್ಣ ತುಳೀರಿ."

ಹೊರಗೆ ಬಂದರೆ ಬಂದೇನವಾಜ ಎದುರಾದ. "ಅಕ್ಕಾ, ಮುತ್ತಣ್ಣ ಅದಾನೇನು? ನಮ್ಮ ಅಡಗಿಮನಿ ಮಾಳಿಗಿ ಒಂಚೂರು..."

"ಇಲ್ಲಪ್ಪ, ಊರಿಗೆ ಹೋಗ್ಯಾರ" ಅಂದೆ. ಒಳಗಿನಿಂದ ಮಣ್ಣು ತುಳಿಯುವ ಪಚಪಚ ಸದ್ದು ಕೇಳುತ್ತಲೇ ಇತ್ತು. ಬಂದೇನವಾಜ ನನ್ನ ಮುಖ ನೋಡಿದ. ನಾನು ಅವನ ಎದುರಿಗೇ ಬಾಗಿಲು ಎಳೆದು, ಹೊರಗಿನಿಂದ ಕೀಲಿ ಹಾಕಿ, ಚಾವಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೆರೂರು ಬಸ್ಸಿಗೆ ನಡೆದೆ.