ಹಿನಕಲ್ಲಿನ ಚುಕ್ಕಿ

ಎರಡು ಸಾವಿರದ ಏಳರ ಶುರುವಿನಲ್ಲಿ ಹಿನಕಲ್ಲಿನ ಶಿಶುಮರಣವನ್ನು ನಾನು ಒಂದೇ ಬೆರಳಿನಿಂದ ನಿಲ್ಲಿಸಿಬಿಟ್ಟೆ. ಔಷಧಿಯಿಲ್ಲ, ಸೂಜಿಯಿಲ್ಲ. ನಂಬದಿದ್ದರೆ ಚಾಮುಂಡಿ ಬೆಟ್ಟದ ನಂದಿಯನ್ನು ಕೇಳಿ. ಅವತ್ತು ಅದು ಕತ್ತು ತಿರುಗಿಸಿ ನಮ್ಮ ಆಫೀಸನ್ನೇ ನೋಡುತ್ತಿತ್ತು.

ಲಕ್ಷ್ಮೀಪುರಂನಲ್ಲಿ ತಾಯಿ ಮಕ್ಕಳ ಆರೋಗ್ಯದ ಪುಟ್ಟ ಸಂಸ್ಥೆ ನಮ್ಮದು. ಅಲ್ಲಿ ಕಂಪ್ಯೂಟರ್ ಎಂದರೆ ಷಡಕ್ಷರಿ, ಷಡಕ್ಷರಿ ಎಂದರೆ ನಾನು. ಬಡಾವಣೆಗೊಂದು ಚುಕ್ಕಿ ಇಟ್ಟು ನಾನು ಮಾಡಿದ ಗ್ರಾಫಿಗೆ ಏಷ್ಯಾ ಖಂಡವೇ ಬಾಯಿ ಬಿಟ್ಟಿತು. ತಾಯಂದಿರು ಹೆಚ್ಚು ಓದಿದ್ದರೆ ಚುಕ್ಕಿ ಬಲಕ್ಕೆ, ಹೆಚ್ಚು ಕೂಸುಗಳು ಸತ್ತರೆ ಮೇಲಕ್ಕೆ. ಕೆಳಗಿನ ಪಟ್ಟಿಯಲ್ಲಿ ಇಸವಿಯನ್ನು ಮೌಸಿನಿಂದ ಎಳೆದರೆ ಸಾಕು, ಒಂಟಿಕೊಪ್ಪಲ್ ಜಾರುತ್ತದೆ, ಹಿನಕಲ್ ನೆಗೆಯುತ್ತದೆ, ಊರಿಗೆ ಊರೇ ಪರದೆಯ ಮೇಲೆ ಓಡಾಡುತ್ತದೆ.

ಆಫೀಸಿನವರಿಗೆಲ್ಲ ಅದನ್ನು ತೋರಿಸುವ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ವೈರು ಕಿತ್ತು ಸಿಕ್ಕಿಸಿದೆ, ಮೂರು ಸಲ ಮೌಸ್ ಒರೆಸಿದೆ. ಇಸವಿ ೨೦೦೬ಕ್ಕೆ ಬಂದಾಗ ಹಿನಕಲ್ಲಿನ ದಪ್ಪ ಚುಕ್ಕಿ ಧೊಪ್ಪನೆ ತಳಕ್ಕೆ ಬಿತ್ತು. ಒಂದೂ ಸಾವಿಲ್ಲ! ಚಪ್ಪಾಳೆ ಸದ್ದಿಗೆ ಮಾರ್ಕೆಟ್ಟಿನ ಪಾರಿವಾಳಗಳು ಶ್ರೀರಂಗಪಟ್ಟಣಕ್ಕೆ ಹಾರಿಹೋದವು. ಚಪ್ಪಾಳೆ ತಟ್ಟಿದವರು ಹನ್ನೊಂದು ಜನ.

ನಮ್ಮ ಮುಖ್ಯಸ್ಥೆ ಸರ್ವಮಂಗಳಾ ಮೇಡಂ ಕನ್ನಡಕ ಏರಿಸಿದರು. "ಹಾಗಾದ್ರೆ ಹಿನಕಲ್‌ಗೆ ಪ್ರತಿ ಗುರುವಾರ ಹೋಗೋ ಡಾಕ್ಟರು ಇನ್ನು ಬೇಡ. ಬೇರೆ ಕಡೆ ಕಳಿಸೋಣ."

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ ಎಂದಿತು. ಹಿನಕಲ್ಲಿನ ಮನೆಮನೆ ಸುತ್ತಿ ರಿಜಿಸ್ಟರ್ ಬರೆಯುವ ಶಿವನಂಜಮ್ಮ ಎದ್ದುನಿಂತಿದ್ದರು.

"ಆ ಚುಕ್ಕಿ ಮ್ಯಾಲೆ ಒಸಿ ಒತ್ತಪ್ಪ."

ಒತ್ತಿದೆ. ಹಿನಕಲ್, ೨೦೦೬, ಸಾವು ೦.

"ಈ ಸೊನ್ನೆ ಎಲ್ಲಿಂದ ಬಂತು?"

"ಅದೆಲ್ಲ ಕಂಪ್ಯೂಟರ್ ಲೆಕ್ಕ ಕಣಮ್ಮ, ನಿಮಗೆ ತಿಳಿಯಲ್ಲ."

"ನನ್ ಗೆರೆ ನಂಗೆ ತಿಳಿಯಾಕಿಲ್ವಾ?" ಶಿವನಂಜಮ್ಮ ಚೀಲದಿಂದ ರಿಜಿಸ್ಟರ್ ತೆಗೆದು ಮೇಡಂ ಮುಂದೆ ಹರವಿದರು. ಆ ವರ್ಷದ ಸಾವಿನ ಕಾಲಂನಲ್ಲಿ ಉದ್ದಕ್ಕೆ ಒಂದು ಗೆರೆ. "ಚೊಚ್ಚಲ ಬಾಣಂತೀರು ತವರಿಗೆ ಹೋಗವ್ರೆ ಮೇಡಂ. ಮೂವತ್ತು ಜನ ಇನ್ನೂ ವಾಪಸ್ ಬಂದಿಲ್ಲ. ಅವ್ರನ್ನ ಕೇಳ್ದೆ ಲೆಕ್ಕ ಎಂಗೆ ಕೊಡ್ಲಿ? ಅದಕ್ಕೇ ಗೆರೆ ಎಳ್ದಿದ್ದೆ. ಗೊತ್ತಿಲ್ಲ ಅಂತ."

"ಹಳೇ ರಿಜಿಸ್ಟರ್ ಇರಬೇಕು," ಎಂದೆ.

ಶಿವನಂಜಮ್ಮ ನನ್ನತ್ತ ತಿರುಗಿದರು. "ನಮ್ ಬೀದಿ ಅನು ವಾರದ ಹಿಂದೆ ತವರಿಂದ ಬಂದ್ಬುಟ್ಲು. ಹೋದ ವರ್ಸ ಹೆತ್ತೋಳು, ಬರೀ ಕೈಯಲ್ಲಿ ಬಂದವ್ಳೆ. ಅವಳ ಕೂಸು ನಿನ್ ಸೊನ್ನೆ ಒಳಗೆ ಎಲ್ಲದೆ, ತೋರ್ಸು."

ನನ್ನ ಹತ್ತಿರ ಇನ್ನೂ ನಾಲ್ಕು ಸುಳ್ಳು ಸಿದ್ಧವಿದ್ದವು. ಒಂದೂ ಬಾಯಿಗೆ ಬರಲಿಲ್ಲ.

"ಷಡಕ್ಷರಿ?" ಎಂದರು ಮೇಡಂ.

"ಗೆರೆ ನೋಡಿದ್ದೆ ಮೇಡಂ. ಅದರರ್ಥವೂ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಆ ಕಾಲಂ ಖಾಲಿ ಬಿಟ್ಟರೆ ೨೦೦೬ರಲ್ಲಿ ಹಿನಕಲ್ ಪರದೆಯಿಂದಲೇ ಮಾಯವಾಗುತ್ತಿತ್ತು. ಅಷ್ಟು ದಪ್ಪ ಚುಕ್ಕಿ ನಡುವೆ ಕಾಣೆಯಾದರೆ ಆಟ ಕೆಡುತ್ತೆ, ನನಗೆ ಮಾಡಲು ಬರಲಿಲ್ಲ ಅಂತ ನೀವೆಲ್ಲ ಅಂದುಕೊಳ್ಳುತ್ತೀರಿ ಅಂತ... ನಾನೇ ಸೊನ್ನೆ ಒತ್ತಿದೆ. ಈ ಬೆರಳಿಂದ. ಡಾಕ್ಟರನ್ನ ನಿಲ್ಲಿಸಬೇಡಿ."