ಅಪ್ಪನ ರಿವಾಲ್ವರ್‌ನ ವಯಸ್ಸು

ಯಜಮಾನರು ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ, ಗಂಡುಮಕ್ಕಳಿಬ್ಬರೂ ಅವರ ರಿವಾಲ್ವರ್‌ಗೆ ಗಾಜಿನ ಪೆಟ್ಟಿಗೆ ಮಾಡಿಸಲು ಹೊರಟರು. ಬದುಕಿದ್ದಾಗ ಅಪ್ಪನ ಒಡೆದ ಕನ್ನಡಕಕ್ಕೆ ಗಾಜು ಹಾಕಿಸಿಕೊಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ, ಅದು ಬೇರೆ ಮಾತು. ದಂತದ ಹಿಡಿಯ ಆ ರಿವಾಲ್ವರ್ ಮುತ್ತಾತನದಂತೆ, ಯುದ್ಧದಲ್ಲಿ ಸೇನಾಧಿಕಾರಿಯೊಬ್ಬ ಮೆಚ್ಚಿ ಕೊಟ್ಟದ್ದಂತೆ. ಯಜಮಾನರು ಈ ಕಥೆಗೆ ವರ್ಷವರ್ಷವೂ ಉಪ್ಪುಖಾರ ಹಚ್ಚುತ್ತಿದ್ದರು. ಕೊನೆಕೊನೆಗೆ ಮುತ್ತಾತ ಒಬ್ಬನೇ ಯುದ್ಧ ಗೆದ್ದಿದ್ದ.

ಅಮ್ಮನಿಗೆ ಬೇಕಿದ್ದದ್ದು ಒಂದೇ, ಮಗಳು ಮನೆಗೆ ಬರಬೇಕು. ವರ್ಷಗಳ ಹಿಂದೆ, ತಾನು ಮೆಚ್ಚಿದವನನ್ನು ಮದುವೆಯಾಗಿ ಮಗಳು ಬಾಗಿಲಿಗೆ ಬಂದು ನಿಂತಾಗ ಯಜಮಾನರು ರಿವಾಲ್ವರ್ ತಂದು ಮೇಜಿನ ಮೇಲಿಟ್ಟು, "ಬಾಗಿಲು ತೆಗೆದ್ರೆ ನೋಡು" ಎಂದಿದ್ದರು. ಅಮ್ಮ ಕಿಟಕಿಯಿಂದಲೇ, "ಹೊರಟುಹೋಗೇ, ಇನ್ನು ಈ ಕಡೆ ಬರಬೇಡ" ಎಂದು ಕೂಗಿದ್ದಳು. ಮಗಳ ಜೀವವಾದರೂ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಅಂದಿನಿಂದ ದಿನ ತಳ್ಳಿದ್ದಳು. ಈಗಲಾದರೂ ಕರೆಸೋಣವೆಂದರೆ ಗಂಡುಮಕ್ಕಳು, "ಅಪ್ಪನ ಮಾತು ಅಂದ್ರೆ ಮಾತು" ಎನ್ನುತ್ತಿದ್ದರು. ಅಪ್ಪ ಇದ್ದಾಗ ಅವರ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದಿದ್ದವರು.

ಪೆಟ್ಟಿಗೆಯ ಕೆಳಗೆ ಕಂಪನಿಯ ಹೆಸರು, ಇಸವಿ ಕೆತ್ತಿಸಬೇಕಲ್ಲ? ಅದಕ್ಕಾಗಿ ಬಂದೂಕು ರಿಪೇರಿಯವನನ್ನು ಮನೆಗೆ ಕರೆಸಿದರು. ಆತ ಮಹಾ ಬಾಯಿಬಡುಕ. ಚಹಾ ಮುಗಿಯುವವರೆಗೂ ತಾನು ಕಂಡ ಬಂದೂಕುಗಳ ಪುರಾಣ ಬಿಚ್ಚಿದ. ಆಮೇಲೆ ರಿವಾಲ್ವರ್ ಎತ್ತಿಕೊಂಡು, ನಳಿಗೆಯೊಳಕ್ಕೆ ಸಣ್ಣ ಟಾರ್ಚ್ ಬಿಟ್ಟು ನೋಡಿದವನು ಒಮ್ಮೆಗೇ ಸುಮ್ಮನಾದ. ಹಿಡಿಯ ಸ್ಕ್ರೂ ಬಿಚ್ಚಿ, ಒಳಗಿನ ಮುದ್ರೆಯನ್ನು ಭೂತಗನ್ನಡಿ ಹಿಡಿದು ಓದಿದ.

"ನಿಮ್ಮ ಮುತ್ತಾತ ಯಾವಾಗ ತೀರ್ಕೊಂಡ್ರು?"

"ನಮ್ಮಪ್ಪ ಹುಟ್ಟೋಕೆ ಮುಂಚೇನೇ," ಎಂದ ದೊಡ್ಡ ಮಗ, ಅದೂ ಒಂದು ಸಾಧನೆಯೆಂಬಂತೆ ಎದೆಯುಬ್ಬಿಸಿ.

"ಹಾಗಿದ್ರೆ ಸ್ವರ್ಗದಿಂದ ಪಾರ್ಸೆಲ್ ಕಳಿಸಿರ್ಬೇಕು." ಆತ ಮುದ್ರೆಯಲ್ಲಿದ್ದ ಇಸವಿ ಹೇಳಿದ. ಅಮ್ಮ ಬೆಚ್ಚಿದಳು. ಅದು ಅವಳ ಮದುವೆಯ ವರ್ಷ.

"ಹಿಡಿ ದಂತದ್ದಲ್ಲ, ಪ್ಲಾಸ್ಟಿಕ್ಕು. ಓಟದ ಪಂದ್ಯ ಶುರು ಮಾಡೋಕೆ ಢಂ ಅನ್ನಿಸ್ತಾರಲ್ಲ, ಅದು ಇದು. ನಳಿಗೆ ಒಳಗೆ ಉಕ್ಕು ತುಂಬಿ ಮುಚ್ಚಿದಾರೆ, ಕಾರ್ಖಾನೆಯಿಂದ್ಲೇ ಹೀಗೆ ಬರುತ್ತೆ. ಗುಂಡಿರ್ಲಿ, ಒಂದು ಇರುವೇನೂ ಆಚೆ ಹೋಗಲ್ಲ ಇದರಲ್ಲಿ."

"ಪಾಪ, ಅಪ್ಪಂಗೆ ಯಾರೋ ಟೋಪಿ ಹಾಕಿದಾರೆ," ಎಂದ ಚಿಕ್ಕ ಮಗ.

"ಎಣ್ಣೆ ಹಾಕಿ ಎಷ್ಟು ಚೆನ್ನಾಗಿ ಒರೆಸಿ ಇಟ್ಟಿದಾರೆ ನೋಡಿ. ಒರೆಸೋ ಕಡ್ಡಿ ಎರಡು ಬೆರಳಷ್ಟು ಹೋಗಿ ನಿಂತುಬಿಡುತ್ತೆ. ಒರೆಸಿದವ್ರಿಗೆ ಗೊತ್ತಾಗದೆ ಇರುತ್ತಾ?" ಎಂದ ರಿಪೇರಿಯವನು.

ಅಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಪ್ರತಿ ಭಾನುವಾರ ಎಣ್ಣೆಬಟ್ಟೆ ತಂದು ಕೊಡುತ್ತಿದ್ದವಳು ಅವಳೇ. ಕೊಟ್ಟವಳು ಅಲ್ಲಿ ನಿಲ್ಲುತ್ತಿರಲಿಲ್ಲ, ಎಲ್ಲಿ ಗುಂಡು ಹಾರಿಬಿಡುತ್ತದೋ ಎಂದು ಅಡುಗೆಮನೆ ಸೇರುತ್ತಿದ್ದಳು. ಮಹಾರಾಯರು ಇತ್ತ ಮುಚ್ಚಿದ ಕೊಳವೆಯನ್ನು ಗಂಭೀರವಾಗಿ ಉಜ್ಜುತ್ತಾ ಕೂತಿರುತ್ತಿದ್ದರು. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಅಮ್ಮ ಮನಸ್ಸಿನಲ್ಲೇ ಬಾಯ್ತುಂಬ ಬೈದಳು.

ಗಂಡುಮಕ್ಕಳು ರಿಪೇರಿಯವನನ್ನು ಮೂಲೆಗೆ ಕರೆದು, ಈ ವಿಷಯ ಆಚೆ ಹೋಗುವುದು ಬೇಡವೆಂದು ಪಿಸುಗುಟ್ಟುತ್ತಿದ್ದರು. ಮುತ್ತಾತನ ಹೆಸರನ್ನೇ ಕೆತ್ತಿಸುವುದಂತೆ, ಗಾಜಿನ ಆಚೆಯಿಂದ ನಳಿಗೆಯೊಳಗೆ ಯಾರು ಇಣುಕುತ್ತಾರೆ! ಅಮ್ಮ ಅವರೆದುರಿಗೇ ಫೋನ್ ಎತ್ತಿಕೊಂಡಳು.

"ಪುಟ್ಟೀ, ನಾನು ಕಣೇ. ನಿಮ್ಮಪ್ಪನ ರಿವಾಲ್ವರ್ ಬರೀ ಸದ್ದು ಮಾಡೋದಂತೆ. ಗುಂಡು ಹಾರೋದೇ ಇಲ್ವಂತೆ. ನಾನು ಅವತ್ತು ಹೆದರಿ, ನಿನ್ನ ಜೀವಕ್ಕೆ ಹೆದರಿ..."



"ಅದು ನಂಗೆ ಚಿಕ್ಕಂದಿನಿಂದ್ಲೂ ಗೊತ್ತಮ್ಮ. ಅಪ್ಪ ಇಲ್ಲದಾಗ ತೆಗೆದು ಆಡ್ತಿದ್ದೆ. ಅದಕ್ಕೇ ಅವತ್ತು ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದು." ಮಗಳ ದನಿ ಸಣ್ಣದಾಯಿತು. "ವಾರ ವಾರ ಎಣ್ಣೆಬಟ್ಟೆ ಕೊಡ್ತಿದ್ದವಳು ನೀನು. ನಿಂಗೂ ಗೊತ್ತಿದೆ ಅಂದ್ಕೊಂಡಿದ್ದೆ."

ಗೊತ್ತಿದ್ದೂ ಓಡಿಸಿದಳೆಂದು ಮಗಳು ಇಷ್ಟು ವರ್ಷ ನಂಬಿದ್ದಳು.

"ನಾನೇ ಬರ್ತೀನಿ ಕಣೇ, ಈಗ್ಲೇ."

ಬಾ ಎಂದು ಮಗಳು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟಳು.