ಐದು ನಿಮಿಷದ ವಿಶ್ರಾಂತಿ

ಹೊಡೆದಾದ ಮೇಲೆ ಗಂಡ ಕುರ್ಚಿಯಲ್ಲಿ ಕೂತು ಐದು ನಿಮಿಷ ಸುಮ್ಮನಿದ್ದ. ಹಾಗೆ ಕೂರಬೇಕೆಂದು ಅವಳೇ ಕಲಿಸಿದ್ದಳು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಬರಿದೋಳು ಮೇಜಿನ ಮೇಲೆ. ಇಲ್ಲದಿದ್ದರೆ ರಕ್ತದೊತ್ತಡದ ಅಳತೆ ತಪ್ಪುತ್ತದೆ. ಶಿಸ್ತಿನ ಮನುಷ್ಯ. ಅವಳನ್ನು ಗೋಡೆಗೆ ಅಪ್ಪಳಿಸಿದ ಅದೇ ಕೈಯನ್ನು ಮಗುವಿನಂತೆ ಮುಂದೆ ಚಾಚಿದ್ದ.

ಪಟ್ಟಿ ಸುತ್ತಿ, ಸ್ಟೆತಾಸ್ಕೋಪ್ ಕಿವಿಗಿಟ್ಟು ರಬ್ಬರ್ ಉಂಡೆ ಹಿಸುಕಿದಳು.

“ಇನ್ನೊಂದ್ಸಲ ಆ ಡಾಕ್ಟರ ಜೊತೆ ಹಲ್ಲು ಕಿರೀತಾ ನಿಂತಿದ್ರೆ...”

“ಮಾತಾಡ್ಬೇಡಿ. ಅಳತೆ ತಪ್ಪುತ್ತೆ.”

ಅವನು ಬಾಯಿ ಮುಚ್ಚಿದ. ಆ ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದುದು ಅದೊಂದೇ ಗಳಿಗೆ. ಮೊದಲ ಬಡಿತ ಇನ್ನೂರಾ ಎಂಟರಲ್ಲಿ ಕೇಳಿಸಿತು, ಕೊನೆಯದು ನೂರಾ ಹದಿನಾರರಲ್ಲಿ.

“ಎಷ್ಟು?”

“ನೂರಿಪ್ಪತ್ತು, ಎಂಬತ್ತು.”

“ನೋಡಿದ್ಯಾ? ಮಾತ್ರೆ ಬಿಟ್ಟು ಹನ್ನೊಂದು ದಿನ ಆಯ್ತು!”

ಮೊದಲ ದಿನ ಆ ಸುಳ್ಳು ಹೆದರಿಕೆಯಿಂದ ಬಂದಿತ್ತು. ಈಗ ಹೆದರಿಕೆಯಿಂದಲ್ಲ.

ಆಸ್ಪತ್ರೆಯಲ್ಲಿ ಅವಳಿಗೆ ತಕ್ಕಡಿ ಎಂದು ಅಡ್ಡಹೆಸರು. ಎರಡು ಪದವಿ, ಹದಿನಾಲ್ಕು ವರ್ಷದ ಕೆಲಸ. ಕಣ್ಣಂದಾಜು ಅಂದರೆ ಮೈಯೆಲ್ಲ ಉರಿ. ಮರುದಿನ ಬೆಳಿಗ್ಗೆ ಹೊಸ ನರ್ಸೊಬ್ಬಳು ಆರೂ ರೋಗಿಗಳ ಹಾಳೆಯಲ್ಲಿ ಒಂದೇ ಸಂಖ್ಯೆ ಬರೆದಿದ್ದಳು. ನೂರಿಪ್ಪತ್ತು, ಎಂಬತ್ತು.

“ಅಳೆದೆಯಾ?”

“ಎಲ್ಲರೂ ಚೆನ್ನಾಗೇ ಇದ್ರು, ಸಿಸ್ಟರ್.”

“ಇದಕ್ಕೆ ಏನಂತಾರೆ ಗೊತ್ತಾ? ಕೊಲೆ!” ತನ್ನ ದನಿಗೆ ತಾನೇ ಬೆಚ್ಚಿದಳು. ಸಿಟ್ಟು ನೆತ್ತಿಗೇರಿತ್ತು, ಯಾರ ಮೇಲೆಂದು ತಿಳಿಯಲಿಲ್ಲ. “ತಗೋ, ನನ್ನ ಕೈ. ಸರಿಯಾಗಿ ಅಳೆದು ತೋರಿಸು.”

ಹುಡುಗಿ ನಿಯಮದಂತೆ ಅಂಗಿಯ ತೋಳು ಮೇಲೆ ಸರಿಸಿದಳು. ಐದು ಬೆರಳಿನ ಗುರುತು, ನೀಲಿ. ಅಂಗಿಯ ತೋಳನ್ನು ಮೆಲ್ಲಗೆ ಕೆಳಗಿಳಿಸಿ, ಬಟ್ಟೆಯ ಮೇಲೇ ಪಟ್ಟಿ ಸುತ್ತಿದಳು.

“ಬಟ್ಟೆ ಮೇಲೆ ಕಟ್ಟಿದ್ರೆ ಅಳತೆ ತಪ್ಪುತ್ತೆ.”

“ಗೊತ್ತು, ಸಿಸ್ಟರ್.”

“ಎಷ್ಟು ಬಂತು?”

“ನೂರಿಪ್ಪತ್ತು, ಎಂಬತ್ತು.”

ಹುಡುಗಿ ಬರೆದುಕೊಂಡ ಆ ಸಂಖ್ಯೆಗೆ ತಕ್ಕಡಿ ಸಹಿ ಹಾಕಿದಳು.

ಸಂಜೆ ಮನೆಯ ಬಾಗಿಲು ತೆರೆದಾಗ ಅವನು ಅದೇ ಕುರ್ಚಿಯಲ್ಲಿ ಕೂತಿದ್ದ. ಮುಖ ಕೆಂಡವಾಗಿತ್ತು.

“ತಲೆ ಸಿಡೀತಿದೆ ಕಣೇ. ಬೇಗ ನೋಡು.” ನಾಲಿಗೆ ತೊಡರುತ್ತಿತ್ತು. ತುಟಿಯ ಒಂದು ತುದಿ ಜೋತಿತ್ತು. ಅದೇನೆಂದು ಅವಳಿಗೆ ಹೊಸ್ತಿಲಲ್ಲೇ ಗೊತ್ತಾಯಿತು.

ಫೋನ್ ಕೈಗೆಟುಕುವಷ್ಟು ಹತ್ತಿರವಿತ್ತು. ಅವಳು ಪಟ್ಟಿ ಸುತ್ತಿದಳು. ಹಿಸುಕಿದಳು. ಮುಳ್ಳು ಇನ್ನೂರೈವತ್ತು ದಾಟಿತು, ಮುನ್ನೂರಕ್ಕೆ ಬಡಿದು ನಿಂತಿತು. ಗಾಳಿ ಬಿಡಲಿಲ್ಲ.

“ಎ... ಎಷ್ಟೇ?”

“ಮಾತಾಡ್ಬೇಡಿ,” ಎಂದಳು. “ಐದು ನಿಮಿಷ ಸುಮ್ಮನೆ ಕೂತ್ಕೋಬೇಕು.”

ಮೇಜಿನ ಮೇಲೆ ಅವನ ಐದು ಬೆರಳೂ ನೀಲಿಗಟ್ಟುತ್ತಿದ್ದವು. ಅವಳು ಗಡಿಯಾರ ನೋಡಿದಳು. ಇನ್ನೂ ಎರಡು ನಿಮಿಷವೂ ಆಗಿರಲಿಲ್ಲ.